ರಾಯಪ್ಪನ ಹೆಬ್ಬೆರಳಿನ ಹುರಿ

ಗುರುಪುತ್ರಪ್ಪ ಮಾಸ್ತರರಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಒಂದು ಶಬ್ದ ತಪ್ಪು ಜಾಗದಲ್ಲಿ ಕೂತರೆ ಸಾಕು, ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಬೆಳಗಾವಿಯ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ, ಎಂಬತ್ತನೆಯ ಇಸವಿಯಲ್ಲಿ ನಿವೃತ್ತರಾಗಿ ಶಿವಬಸವ ನಗರದ ಮನೆಯಲ್ಲಿ ಕೂತ ಮೇಲಂತೂ ಈ ಸಿಟ್ಟಿಗೆ ಹೊತ್ತುಗೊತ್ತು ಇಲ್ಲವಾಯಿತು. ಪೇಪರಿನವರ ಮೇಲೆ, ರೇಡಿಯೋದವರ ಮೇಲೆ, ಬಸ್ಸಿನ ಬೋರ್ಡು ಬರೆದವನ ಮೇಲೆ, ಎಲ್ಲರ ಮೇಲೂ ಸಿಟ್ಟು. ಹೆಂಡತಿ ಗೌರವ್ವ, ಇವರ ತಲೆಗೆ ಏನಾದರೂ ಕೆಲಸ ಹಚ್ಚಿರಿ ಎಂದು ಬಂದವರ ಮುಂದೆಲ್ಲ ಬೇಡಿಕೊಳ್ಳುತ್ತಿದ್ದಳು.

ಆ ಕೆಲಸ ಹಚ್ಚಿದವರು ಡಾಕ್ಟರ್ ಬಾಳಾಸಾಹೇಬರು. ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡುವ ಡಾಕ್ಟರರಾದರೂ ಮಾಸ್ತರರ ಎದುರಿಗೆ ಇಂದಿಗೂ ಕುರ್ಚಿಯ ತುದಿಯಲ್ಲಿ ಕೂರುವವರು. ಎಂಟನೆಯ ಇಯತ್ತೆಯಲ್ಲಿ ಇವರ ಕೈಯಲ್ಲಿ ಕಲಿತಿದ್ದರು, ಒಂದೆರಡು ಸಲ ಕಿವಿ ಹಿಂಡಿಸಿಕೊಂಡೂ ಇದ್ದರು. ನರ್ಸಿಂಗ್ ಕಲಿಯಲು ಹಳ್ಳಿಗಳಿಂದ ಬರುವ ಹುಡುಗಿಯರಿಗೆ ಇಂಗ್ಲಿಷ್ ಪುಸ್ತಕ ತಲೆಗೆ ಹೋಗುವುದಿಲ್ಲ, ಶರೀರದ ಬಗ್ಗೆ ಕನ್ನಡದಲ್ಲೇ ಒಂದು ಪುಸ್ತಕ ಮಾಡೋಣ, ವಿಷಯ ನನ್ನದು, ಶಬ್ದ ನಿಮ್ಮವು ಎಂದು ಅವರು ಕೇಳಿದಾಗ ಮಾಸ್ತರರ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಮರುದಿನವೇ ಬಿಸ್ಕೀಟಿನ ಡಬ್ಬಿ ಖಾಲಿ ಮಾಡಿಸಿ, ಅದರಲ್ಲಿ ಶಬ್ದದ ಚೀಟಿಗಳನ್ನು ಜೋಡಿಸತೊಡಗಿದರು.

ಎಲುಬು, ಗುಂಡಿಗೆ, ಪಿತ್ತಕೋಶದ ತನಕ ಎಲ್ಲ ಸುಸೂತ್ರವಾಗಿ ನಡೆಯಿತು. ಜಗಳ ಬಿದ್ದದ್ದು ‘ಸ್ನಾಯು’ ಎಂಬ ಶಬ್ದದ ಮೇಲೆ.

ಡಾಕ್ಟರು ಹೇಳುವುದು ಸರಳವಾಗಿತ್ತು. ಕನ್ನಡ ಶಾಲೆಯ ಪುಸ್ತಕದಲ್ಲೂ ಮರಾಠಿ ಶಾಲೆಯ ಪುಸ್ತಕದಲ್ಲೂ ಸ್ನಾಯು ಎಂದರೆ ಹಿಗ್ಗಿ ಕುಗ್ಗುವ ಮಾಂಸ, ಕೈ ಮಡಚಿದರೆ ತೋಳಿನಲ್ಲಿ ಉಬ್ಬುತ್ತದಲ್ಲ, ಅದು. ಆ ಮಾಂಸದ ತುದಿಯಿಂದ ಹೊರಟು ಎಲುಬಿಗೆ ಹೋಗಿ ಅಂಟುವ ಬಿಳಿ ದಾರಕ್ಕೆ ಸ್ನಾಯುರಜ್ಜು ಅಂದರಾಯಿತು. ಮಾಸ್ತರರು ಕೆಂಡವಾದರು. ಹಳೆಯ ವೈದ್ಯರ ಮಾತಿನಲ್ಲಿ ಸ್ನಾಯು ಎಂದರೆ ಮಾಂಸವೇ ಅಲ್ಲ, ಕಟ್ಟುವ ದಾರ. ಆ ಶಬ್ದದ ಬುಡದಲ್ಲಿರುವುದೇ ಸುತ್ತುವುದು, ನೂಲುವುದು ಎಂಬ ಅರ್ಥ. ಪ್ರಾಣಿಯ ಮೈಯಿಂದ ತೆಗೆದ ಆ ದಾರವನ್ನು ಹೊಸೆದು ಬಿಲ್ಲಿಗೆ ಹೆದೆ ಕಟ್ಟುತ್ತಿದ್ದರು, ಆ ಹೆದೆಗೂ ಸ್ನಾಯು ಎಂದೇ ಹೆಸರು. ಈಗ ನೀವು ಮಾಂಸಕ್ಕೆ ದಾರದ ಹೆಸರು ಕೊಟ್ಟು, ದಾರಕ್ಕೆ ಹೆಸರಿಲ್ಲದೆ ‘ರಜ್ಜು’ ಎಂದು ಇನ್ನೊಂದು ಹಗ್ಗ ಅಂಟಿಸಿದಿರಿ. ಹಗ್ಗದ ಹಗ್ಗ ಎಂದಂತಾಯಿತು, ಯಾವ ಜಾಣತನ ಇದು?

ಅರ್ಥ ಏನೇ ಇರಲಿ ಮಾಸ್ತರ್ರ, ಹುಡುಗಿಯರಿಗೆ ಒಂದು ಮಾತು ತಿಳಿದರೆ ಸಾಕು ಎಂದರು ಡಾಕ್ಟರು. ಹಿಗ್ಗಿ ಕುಗ್ಗುವುದು ಮಾಂಸದ ಕೆಲಸ. ಅದರ ತುದಿಯ ದಾರ ಹಿಗ್ಗುವುದಿಲ್ಲ, ಮಾಂಸ ಎಳೆದದ್ದನ್ನು ಎಲುಬಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಮಾಸ್ತರರು ಈ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿದರು. ಅವರ ತಲೆ ಆಗಲೇ ಬಿಲ್ಲಿನ ಹೆದೆ ಹತ್ತಿ ಕೂತಿತ್ತು.

ಅದೇ ವಾರ ಡಾಕ್ಟರ ವಾರ್ಡಿಗೆ ಖಾನಾಪುರದಿಂದ ರಾಯಪ್ಪ ಎಂಬವನು ಬಂದ. ನಲವತ್ತರ ಆಸುಪಾಸಿನ ಕುರಿಗಾರ, ಊರಿನ ಹೊರಗೆ ಮಲಪ್ರಭೆಯ ಕಡೆ ಹೋಗುವ ದಾರಿಯಲ್ಲಿ ಮನೆ. ಉಣ್ಣೆ ಕತ್ತರಿಸುವಾಗ ಕುರಿ ಒದ್ದು, ಬಲಗೈಯ ಕತ್ತರಿ ಜಾರಿ ಎಡಗೈಯ ಹೆಬ್ಬೆರಳಿನ ಬುಡದ ಹಿಂಭಾಗವನ್ನು ಸೀಳಿತ್ತು. ಹೆಬ್ಬೆರಳನ್ನು ಮೇಲಕ್ಕೆತ್ತುವ ದಾರ ತುಂಡಾಗಿತ್ತು. ಬೆರಳು ಇದೆ, ರಕ್ತ ಓಡುತ್ತದೆ, ಮುಟ್ಟಿದರೆ ತಿಳಿಯುತ್ತದೆ, ಆದರೆ ಏಳು ಅಂದರೆ ಏಳುವುದಿಲ್ಲ. ಬಾಳಾಸಾಹೇಬರು ತುಂಡಾದ ಎರಡು ತುದಿ ಹುಡುಕಿ ಹೊಲಿದು, ಬೆರಳು ಎತ್ತಿದ ಹಾಗೇ ಇರಲೆಂದು ಪ್ಲಾಸ್ಟರ್ ಹಾಕಿದ್ದರು.

ಎಡಗೈ ತಾನೇ, ಹೋದರೆ ಹೋಯಿತು ಅನ್ನುವ ಹಾಗಿರಲಿಲ್ಲ. ರಾಯಪ್ಪ ಕುರಿ ಕಾಯುವುದಷ್ಟೇ ಅಲ್ಲ, ಬಿಲ್ಲಿನ ಹುರಿ ಮಿಡಿದು ಉಣ್ಣೆ ಹಿಂಜುವವನು. ಸುತ್ತಲಿನ ಎಂಟು ಹತ್ತು ಮನೆಗಳ ಉಣ್ಣೆಯೆಲ್ಲ ಅವನ ಬಿಲ್ಲಿನ ಕೆಳಗೇ ಬರಬೇಕು. ಆಳುದ್ದದ ಆ ಬಿಲ್ಲನ್ನು ಹಿಡಿಯುವುದು ಎಡಗೈಯಲ್ಲಿ. ಹೆಬ್ಬೆರಳು ಎದ್ದು ಅಗಲವಾದರೆ ಮಾತ್ರ ಬಿಲ್ಲಿನ ಕೋಲು ಮುಷ್ಟಿಯೊಳಗೆ ಬರುತ್ತದೆ. ಅವನು ಹಿಂಜಿದರೆ ಹೆಂಡತಿ ಕಾಡವ್ವ ನೂಲಬೇಕು, ಅವಳು ನೂತರೆ ಕಂಬಳಿ ನೇಯಬೇಕು. ಆ ಒಂದು ಬೆರಳು ಏಳದಿದ್ದರೆ ಇಡೀ ಮನೆ ಕೈ ಕಟ್ಟಿ ಕೂರಬೇಕಾಗಿತ್ತು.

ಡಾಕ್ಟರು ಹೇಳಿದ್ದಕ್ಕೆಲ್ಲ ರಾಯಪ್ಪ ತಲೆಯಾಡಿಸುತ್ತಿದ್ದ, ಆದರೆ ಕಣ್ಣು ನೋಡಿದರೆ ಏನೂ ಇಳಿದಿರಲಿಲ್ಲ. ಒಳಗೆ ಏನು ತುಂಡಾಗಿದೆ, ಏನು ಹೊಲಿದಿದ್ದಾರೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಚೀಟಿಗಳ ಡಬ್ಬಿ ಹಿಡಿದು ಆಸ್ಪತ್ರೆಗೆ ಬಂದಿದ್ದ ಮಾಸ್ತರರಿಗೆ ಡಾಕ್ಟರು, ನಿಮ್ಮಷ್ಟು ಚಂದ ತಿಳಿಸಿ ಹೇಳುವವರು ಯಾರಿದ್ದಾರೆ, ಸ್ವಲ್ಪ ಹೇಳ್ರಿ ಎಂದು ಹೊರಟುಹೋದರು.

ಮಾಸ್ತರರು ಸ್ಟೂಲ್ ಎಳೆದುಕೊಂಡು ಕೂತರು. ನೀನು ಹಿಂಜುವ ಬಿಲ್ಲಿಗೆ ಹುರಿ ಯಾವುದು ಕಟ್ಟುತ್ತಿ ಎಂದು ಕೇಳಿದರು. ಕುರಿಯ ಬೆನ್ನೆಲುಬಿಗೆ ಅಂಟಿದ ಬಿಳಿ ನರ ಹೊಸೆದು ಮಾಡಿದ್ದು ಎಂದ ರಾಯಪ್ಪ. ಅಷ್ಟೇ ಸಾಕಾಯಿತು. ಮಾಸ್ತರರ ಮೈಯೆಲ್ಲ ಜುಮ್ಮೆಂದಿತು. ಹಳೆಯ ಕಾಲದ ಶಬ್ದವೊಂದು, ಪಂಡಿತರೆಲ್ಲ ಮರೆತ ಅರ್ಥದ ಸಮೇತ, ಖಾನಾಪುರದ ಕುರಿಗಾರನ ಮನೆಯ ಜಂತಿಗೆ ಇನ್ನೂ ತೂಗುಬಿದ್ದಿದೆ! ನಿನ್ನ ಕೈಯೊಳಗೆ ತುಂಡಾದದ್ದು ಅದೇ ಕಣಪ್ಪಾ, ಅದರ ಹೆಸರು ಸ್ನಾಯು, ನಿನ್ನ ಬಿಲ್ಲಿನ ಹುರಿಯೂ ಸ್ನಾಯುವೇ, ಡಾಕ್ಟರು ಅದಕ್ಕೆ ಗಂಟು ಹಾಕಿ ಕಟ್ಟಿದ್ದಾರೆ ಎಂದು ಅವರು ಹೇಳುತ್ತ ಹೋದಂತೆ ರಾಯಪ್ಪನ ಮುಖದಲ್ಲಿ ತಿಳಿವು ಮೂಡಿತು. ಮೂವತ್ತನಾಲ್ಕು ವರ್ಷದಲ್ಲಿ ಯಾವ ಹುಡುಗನ ಮುಖದಲ್ಲೂ ಇಷ್ಟು ನಿಚ್ಚಳವಾಗಿ ಅದು ಮೂಡಿದ್ದನ್ನು ಮಾಸ್ತರರು ಕಂಡಿರಲಿಲ್ಲ.

ರಾಯಪ್ಪ ಒಂದೇ ಒಂದು ಪ್ರಶ್ನೆ ಕೇಳಿದ.

“ಹಂಗಾರ ಇದೂ ಹುರಿಯಂಗ ಜಗ್ಗಿ ಉದ್ದ ಆಗತೈತೇನ್ರಿ ಮಾಸ್ತರ?”

“ಜಗ್ಗದ ಏನ ಮಾಡತೈತಿ? ಸ್ನಾಯು ಅಂದ್ರ ಜಗ್ಗೂದ,” ಎಂದರು ಮಾಸ್ತರರು. “ನಿನ್ನ ಬಿಲ್ಲಿನ ಹುರಿ ಹೆಂಗ ಜತನ ಮಾಡ್ತಿ, ಇದನ್ನೂ ಹಂಗ ಜತನ ಮಾಡು. ಅದಕಿಂತ ಹೆಚ್ಚು ನಾ ನಿನಗ ಏನೂ ಹೇಳಬೇಕಾಗಿಲ್ಲ.”

ಆ ಸಂಜೆ ಮನೆಗೆ ಬಂದವರು ಎರಡು ಹೋಳಿಗೆ ಹೆಚ್ಚಿಗೆ ತಿಂದರು. ‘ಸ್ನಾಯು’ ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಈ ಸಂಗತಿಯನ್ನೆಲ್ಲ ಬರೆದರು. ಮಾಂಸಕ್ಕೇ ಈ ಹೆಸರು ಇರಲಿ ಎಂದು ಡಾಕ್ಟರು ಹಠ ಹಿಡಿದರೂ ಅಡಚಣೆಯಿಲ್ಲ, ಕೆಳಗೊಂದು ಟಿಪ್ಪಣಿಯಲ್ಲಾದರೂ ಖಾನಾಪುರದ ಬಿಲ್ಲು ಬರಲೇಬೇಕು ಎಂದು ಗೌರವ್ವನಿಗೆ ಎರಡು ಸಲ ಹೇಳಿದರು. ಅವಳು ಎರಡೂ ಸಲ ಹೂಂ ಎಂದಳು.

ನಾಲ್ಕು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಆಗ ಮಾಸ್ತರರು ಅಲ್ಲಿರಲಿಲ್ಲ. ಹೆಬ್ಬೆರಳು ತಾನಾಗಿ ಒಂದಿಷ್ಟು ಎದ್ದಿತಂತೆ, ಡಾಕ್ಟರು ಖುಷಿಯಾಗಿ ಸಾವಕಾಶ ಆಡಿಸುತ್ತಿರು, ಹದಿನೈದು ದಿನ ಬಿಟ್ಟು ಬಾ ಎಂದು ಕಳಿಸಿದರಂತೆ. ಇಷ್ಟು ಕೇಳಿ ಮಾಸ್ತರರು ಮತ್ತೆ ತಮ್ಮ ಡಬ್ಬಿಗೆ ಮರಳಿದರು. ಹದಿನೈದು ದಿನ ಹೋಗಿ ಇಪ್ಪತ್ತೈದಾದರೂ ರಾಯಪ್ಪ ಬರಲಿಲ್ಲ ಎಂದು ಡಾಕ್ಟರು ಒಮ್ಮೆ ಗೊಣಗಿದರು. ಮಾಸ್ತರರಿಗೆ ನೆವ ಸಿಕ್ಕಂತಾಯಿತು. ಬಿಲ್ಲನ್ನು ಕಣ್ಣಾರೆ ನೋಡುವ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ನಾನೇ ಹೋಗಿ ವಿಚಾರಿಸಿಕೊಂಡು ಬರುತ್ತೇನೆ ಎಂದು ಖಾನಾಪುರದ ಬಸ್ಸು ಹತ್ತಿದರು.

ಸ್ಟ್ಯಾಂಡಿನಲ್ಲಿ ಇಳಿದು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ದಾರಿ ಹೇಳಿದರು, ಮರಾಠಿಯಲ್ಲಿ ಕೇಳಿದರೆ ಕನ್ನಡದಲ್ಲಿ ಹೇಳಿದರು. ಮನೆ ಸಿಕ್ಕಿತು. ಹಂಚಿನ ಮಾಡು, ಪಡಸಾಲೆಯ ಜಂತಿಗೆ ಬಿಲ್ಲು ತೂಗುಹಾಕಿತ್ತು, ಅದರ ಹುರಿ ಸಡಿಲ ಬಿಟ್ಟಿತ್ತು. ರಾಯಪ್ಪ ಎದ್ದು ನಿಂತು, ಬರ್ರಿ ಮಾಸ್ತರ, ಕುಂದರ್ರಿ ಎಂದು ಬಲಗೈಯಿಂದಲೇ ಕಂಬಳಿ ಹಾಸಿದ. ಎಡಗೈ ಹೊದ್ದ ಕಂಬಳಿಯ ಒಳಗಿತ್ತು. ಕಾಡವ್ವ ಚಹ ತಂದಿಟ್ಟು ಮಾತಾಡದೆ ಒಳಗೆ ಹೋದಳು.

ಮಾಸ್ತರರಿಗೆ ಬಿಲ್ಲು ನೋಡಿದ್ದೇ ಸಂಭ್ರಮ. ಈ ಹುರಿ ಹೇಗೆ ಮಾಡುತ್ತೀರಿ, ಮೊದಲಿನಿಂದ ಹೇಳು ಎಂದು ಪೆನ್ನು ತೆಗೆದರು. ರಾಯಪ್ಪ ಹೇಳಿದ. ನರ ತೆಗೆದು, ತೊಳೆದು, ಹಸಿ ಇದ್ದಾಗಲೇ ಹೊಸೆಯಬೇಕು. ಆಮೇಲೆ ಹಾಗೇ ಒಣಗಲು ಬಿಟ್ಟರೆ ಅದು ಮುದುಡಿ ಕಟ್ಟಿಗೆಯಾಗುತ್ತದೆ, ಬಿಲ್ಲಿಗೆ ಕಟ್ಟಿದ ದಿನವೇ ಪಟ್ಟನೆ ಹರಿಯುತ್ತದೆ. ಅದಕ್ಕೇ ನೆರಳಿನಲ್ಲಿ ತೂಗುಹಾಕಿ ಕೆಳಗೆ ಕಲ್ಲು ಕಟ್ಟಬೇಕು. ಮೊದಲು ಸಣ್ಣ ಕಲ್ಲು, ಎರಡು ದಿನ ಬಿಟ್ಟು ಅದಕ್ಕಿಂತ ದೊಡ್ಡದು, ಆಮೇಲೆ ಇನ್ನೂ ದೊಡ್ಡದು. ದಿನಾ ಕುರಿಯ ಕೊಬ್ಬು ಸವರಬೇಕು. ಹುರಿ ಎಷ್ಟು ಜಗ್ಗಬೇಕೋ ಅಷ್ಟು ಜಗ್ಗಿ ನಿಂತ ಮೇಲೆ ಹತ್ತು ವರ್ಷ ನೋಡಬೇಕಾಗಿಲ್ಲ. ಹರಿದ ಹುರಿಗೆ ಗಂಟು ಹಾಕಿದರೂ ಅಷ್ಟೇ, ಕಲ್ಲು ಕಟ್ಟದೆ ಬಿಲ್ಲಿಗೆ ಏರಿಸುವಂತಿಲ್ಲ.

ಮಾಸ್ತರರು ಬರೆಯುತ್ತ ಬರೆಯುತ್ತ ‘ಗಂಟು ಹಾಕಿದರೂ’ ಎಂಬಲ್ಲಿಗೆ ಬಂದು ನಿಂತರು. ಪೆನ್ನು ಅಲ್ಲೇ ಉಳಿಯಿತು. ಕೈ ತೋರಿಸು ಎಂದರು.

ರಾಯಪ್ಪ ತೋರಿಸಲೊಲ್ಲ. ಏನೂ ಆಗಿಲ್ಲ, ಮೊದಲು ಚಹ ತಗೊಳ್ರಿ ಎಂದ. ಆಗ ಕಾಡವ್ವ ಒಳಗಿನಿಂದ ಬಂದು ಗಂಡನ ಮೈಮೇಲಿನ ಕಂಬಳಿ ಸರಿಸಿಬಿಟ್ಟಳು. ಹೆಬ್ಬೆರಳು ಅಂಗೈಯ ಕಡೆ ಜೋತುಬಿದ್ದಿತ್ತು. ಅದರ ಬುಡದಲ್ಲಿ ಹಗ್ಗ ಒತ್ತಿದ ಕಪ್ಪು ಗುರುತು ಇನ್ನೂ ಇತ್ತು.

ನಡೆದದ್ದು ಇಷ್ಟು. ಪ್ಲಾಸ್ಟರ್ ಬಿಚ್ಚಿದಾಗ ಬೆರಳು ಬಿಗಿಯಾಗಿ ನಿಂತಿತ್ತು, ಬಾಗುತ್ತಿರಲಿಲ್ಲ. ನಾಲ್ಕು ವಾರ ಕಟ್ಟಿಟ್ಟ ಯಾರ ಬೆರಳಾದರೂ ಹಾಗೇ ಇರುತ್ತದೆ. ರಾಯಪ್ಪನಿಗೆ ಮಾತ್ರ ಅದು ಮುದುಡಿ ಒಣಗಿದ ಹುರಿಯಾಗಿ ಕಂಡಿತು. ಹೊಸ ಗಂಟು, ಒಣಗಿದ ಹುರಿ, ಮಾಡಬೇಕಾದದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಕೊಬ್ಬು ಸವರಿ, ಕೈಯನ್ನು ಕಟ್ಟೆಯ ಅಂಚಿಗೆ ಚಾಚಿ, ಹೆಬ್ಬೆರಳಿಗೆ ಹಗ್ಗ ಹಾಕಿ ಕಲ್ಲು ಇಳಿಬಿಟ್ಟ. ಮೊದಲು ಸಣ್ಣದು, ಎರಡು ದಿನ ಬಿಟ್ಟು ದೊಡ್ಡದು. ಒಂಬತ್ತನೆಯ ದಿನ ಒಳಗೆ ಏನೋ ಪಟ್ಟಂತ ಅಂದಿತು, ನೋವೂ ಹೆಚ್ಚಾಗಲಿಲ್ಲ, ಬೆರಳು ಮಾತ್ರ ಬಿದ್ದುಹೋಯಿತು.

“ನೀವು ಸಾಲಿ ಕಲಿಸಿದವರು,” ಎಂದಳು ಕಾಡವ್ವ. “ಬ್ಯಾಡ, ನೋಯ್ತೈತಿ ಅಂತಿ, ಬಿಡು ಅಂತ ನಾ ದಿನಾ ಬಡಕೊಂಡೆ. ಮಾಸ್ತರು ಹೇಳ್ಯಾರ, ಬಿಲ್ಲಿನ ಹುರಿಯಂಗ ಜತನ ಮಾಡಂದಾರ ಅಂತ ನನ್ನ ಬಾಯಿ ಮುಚ್ಚಿಸಿದ. ಈಗ ಹೇಳ್ರಿ, ಏನ ಮಾಡೂಣು?”

ರಾಯಪ್ಪ ಅವಳನ್ನು ಗದರಿ ಸುಮ್ಮನಾಗಿಸಿದ. ಮಾಸ್ತರರದು ತಪ್ಪೇನೂ ಇಲ್ಲ, ಅವರು ಹೇಳಿದ್ದು ಖರೇ ಇತ್ತು, ಕಡೆಯ ಕಲ್ಲಿನ ಭಾರ ವಜ್ಜೆಯಾಯಿತು, ಅದು ನನ್ನ ಅಂದಾಜು ತಪ್ಪಿದ್ದು ಎಂದ. ಅವನು ಅದನ್ನು ಸಮಾಧಾನಕ್ಕಾಗಿ ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದ. ಮಾಸ್ತರರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅರ್ಧ ಕಿವಿಯಲ್ಲಿ ಕೇಳಿದ್ದ ಡಾಕ್ಟರ ಮಾತು ಈಗ ಪೂರ್ತಿಯಾಗಿ ಕೇಳಿಸಿತು. ಹಿಗ್ಗುವುದು ಮಾಂಸ, ದಾರ ಹಿಗ್ಗುವುದಿಲ್ಲ. ಸತ್ತ ಕುರಿಯ ದಾರಕ್ಕೆ ಕಲ್ಲು ಕಟ್ಟಬಹುದು, ಜೀವವಿರುವ ಮನುಷ್ಯನ ಕೈಯೊಳಗೆ ಇನ್ನೂ ಕೂಡಿಕೊಳ್ಳುತ್ತಿರುವ ದಾರಕ್ಕೆ ಕಟ್ಟಬಹುದೇ? ಶಬ್ದದ ಹುಟ್ಟು ತಿಳಿದಿದ್ದರು, ಬೆರಳಿನ ಬಗ್ಗೆ ಏನೂ ತಿಳಿದಿರಲಿಲ್ಲ, ಎರಡೂ ಒಂದೇ ಎಂದುಕೊಂಡಿದ್ದರು. ಚಹ ಆರಿ ಕೆನೆ ಕಟ್ಟಿತು.

ಅವತ್ತೇ ರಾಯಪ್ಪನನ್ನು ಬಸ್ಸು ಹತ್ತಿಸಿಕೊಂಡು ಬೆಳಗಾವಿಗೆ ಬಂದರು. ದಾರಿಯುದ್ದಕ್ಕೂ, ಡಾಕ್ಟರ ಮುಂದೆ ಎಲ್ಲ ಹೇಳಿಬಿಡಬೇಕು ಎಂದು ಮಾತು ಜೋಡಿಸುತ್ತಲೇ ಇದ್ದರು. ಶಬ್ದ ಜೋಡಿಸುವುದರಲ್ಲಿ ಅವರಿಗೇನು ಬರಗಾಲವೇ?

ಬಾಳಾಸಾಹೇಬರು ಕೈ ನೋಡಿದವರೇ ಸಿಡಿದುಬಿದ್ದರು. ಎರಡು ತಾಸು ನಿಂತು ಹೊಲಿದದ್ದನ್ನು ಕಲ್ಲು ಕಟ್ಟಿ ಕಿತ್ತುಕೊಂಡು ಬಂದಿಯಲ್ಲೋ, ನಿಮಗೆಲ್ಲ ಆಪರೇಷನ್ ಮಾಡುವುದೇ ದಂಡ ಎಂದರು. ಆಮೇಲೆ, ಇದು ನಿನ್ನ ತಲೆಯದಲ್ಲ, ಯಾವನೋ ಹಳ್ಳಿಯ ಶಾಣ್ಯಾ ಹೇಳಿಕೊಟ್ಟಿದ್ದಾನೆ, ಯಾರವನು, ಹೆಸರು ಹೇಳು ಎಂದು ಕೇಳಿದರು. ರಾಯಪ್ಪ ತಲೆ ತಗ್ಗಿಸಿ ನಿಂತ. ಯಾರೂ ಹೇಳಿಲ್ಲರಿ, ನಾನೇ ಮಾಡಿದೆ ಎಂದ. ಡಾಕ್ಟರು ಮಾಸ್ತರರ ಕಡೆ ತಿರುಗಿ, ನೋಡ್ರಿ ಮಾಸ್ತರ್ರ, ನೀವು ಅಷ್ಟು ಚಂದ ತಿಳಿಸಿ ಹೇಳಿದಿರಿ, ಆದರೂ ಇವರ ಹಣೆಬರಹ ಇಷ್ಟೇ ಎಂದರು.

ಮಾಸ್ತರರ ಬಾಯಿಗೆ ಬೀಗ ಬಿತ್ತು. ಹೇಳಬೇಕಿತ್ತು, ಆ ಕ್ಷಣದಲ್ಲೇ ಹೇಳಬೇಕಿತ್ತು. ಕಿವಿ ಹಿಂಡಿ ಕಲಿಸಿದ ಹುಡುಗ ಎದುರಿಗೆ ನಿಂತು ನಿಮ್ಮಷ್ಟು ಚಂದ ಹೇಳುವವರಿಲ್ಲ ಎನ್ನುವಾಗ, ಆ ಶಾಣ್ಯಾ ನಾನೇ ಎನ್ನಲು ನಾಲಿಗೆ ಏಳಲಿಲ್ಲ. ಒಂದು ಸಲ ಏಳದ್ದು ಆಮೇಲೂ ಏಳಲಿಲ್ಲ. ನಾಚಿಕೆಗೇಡು ಅನ್ನಬೇಕೋ ಬೇಡವೋ ನೀವೇ ಹೇಳಿ. ಮಾಸ್ತರರು ತಮಗೆ ತಾವೇ ಆ ಮಾತು ಅಂದುಕೊಳ್ಳುತ್ತಿದ್ದರು, ಅಂದುಕೊಂಡೂ ಸುಮ್ಮನಿದ್ದರು.

ಹರಿದ ತುದಿಗಳನ್ನು ಮತ್ತೆ ಕೂಡಿಸುವುದು ಆಗದ ಮಾತು, ಅವು ಸರಿದು ಒಳಗೆ ಅಂಟಿಕೊಂಡಿವೆ ಎಂದರು ಡಾಕ್ಟರು. ಉಳಿದದ್ದು ಒಂದೇ ಉಪಾಯ. ತೋರುಬೆರಳನ್ನು ಎತ್ತಲು ಒಂದಲ್ಲ, ಎರಡು ದಾರಗಳಿರುತ್ತವೆ. ಅದರಲ್ಲೊಂದನ್ನು ಬಿಚ್ಚಿ ತಂದು ಹೆಬ್ಬೆರಳಿಗೆ ಕಟ್ಟಬಹುದು. ಒಂದರಲ್ಲಿ ತೋರುಬೆರಳು ಸಂಸಾರ ತೂಗಿಸಿಕೊಂಡು ಹೋಗುತ್ತದೆ. ಇದೂ ಹೋದರೆ ಮಾತ್ರ ಮುಂದೆ ನನ್ನ ಹತ್ತಿರ ಏನೂ ಇಲ್ಲ ಎಂದು ಕೈ ಝಾಡಿಸಿದರು.

ಆಪರೇಷನ್ ಆಯಿತು, ಮತ್ತೆ ಪ್ಲಾಸ್ಟರ್ ಬಿತ್ತು. ಮನೆಯಲ್ಲಿ ಮಾಸ್ತರರು ಗೌರವ್ವನಿಗೆ ಎಲ್ಲ ಹೇಳಿದರು. ಅವಳು ಶೇಂಗಾ ಸುಲಿಯುತ್ತ ಕೂತಿದ್ದಳು, ಕೈ ನಿಲ್ಲಿಸಲಿಲ್ಲ. ನನ್ನ ಮುಂದೆ ಹೇಳಿದರೆ ಏನು ಬಂತು, ಹೋಗಿ ಡಾಕ್ಟರಿಗೆ ಹೇಳಿ ಬರ್ರಿ ಎಂದಳು. ನಾಳೆ ಹೇಳುತ್ತೇನೆ ಎಂದರು. ಹಾಗೆ ಇಪ್ಪತ್ತೆಂಟು ನಾಳೆಗಳು ಕಳೆದವು. ನಡುವೆ ಪುಸ್ತಕದ ಮಾತು ಬಂದಾಗ, ಸ್ನಾಯು ಎಂದರೆ ಹಿಗ್ಗಿ ಕುಗ್ಗುವ ಮಾಂಸ, ಸ್ನಾಯುರಜ್ಜು ಎಂದರೆ ಅದರ ಹಿಗ್ಗದ ದಾರ ಎಂದು ಮಾಸ್ತರರೇ ಬರೆದು ಕೊಟ್ಟರು. ಜಗಳವಿಲ್ಲದೆ ಒಪ್ಪಿದ್ದಕ್ಕೆ ಡಾಕ್ಟರಿಗೆ ಆಶ್ಚರ್ಯವಾಯಿತು. ಬಿಲ್ಲಿನ ಟಿಪ್ಪಣಿ ಎಲ್ಲಿ ಎಂದು ಕೇಳಿದರೆ, ಅದೇನೂ ಬೇಡ ಎಂದರು.

ಪ್ಲಾಸ್ಟರ್ ಬಿಚ್ಚುವ ದಿನ ಮಾಸ್ತರರು ಹೊತ್ತಿಗೆ ಮೊದಲೇ ಹೋಗಿ ಕಾದರು. ಬಸ್ಸು ಇಳಿದು ರಾಯಪ್ಪ ಮತ್ತು ಕಾಡವ್ವ ಬಂದರು. ಕಾಡವ್ವ ಇವರನ್ನು ನೋಡಿಯೂ ಮಾತಾಡಿಸಲಿಲ್ಲ. ರಾಯಪ್ಪ ಮಾತ್ರ ಆರಾಮರೀ ಮಾಸ್ತರ ಎಂದ.

ಡಾಕ್ಟರು ಪ್ಲಾಸ್ಟರ್ ಕತ್ತರಿಸಿ, ಕೈ ತೊಳೆಸಿ, ಮೇಜಿನ ಮೇಲೆ ಇಡಿಸಿದರು. ಹೆಬ್ಬೆರಳು ಎತ್ತು ಎಂದರು. ಏಳಲಿಲ್ಲ. ಅವರು ಗಾಬರಿಯಾಗಲಿಲ್ಲ, ಹೀಗಾಗುತ್ತದೆಂದು ಗೊತ್ತಿತ್ತು. ಹೆಬ್ಬೆರಳಿಗೆ ಈಗಿರುವುದು ತೋರುಬೆರಳಿನ ದಾರ, ಅದನ್ನು ಎಳೆಯುವ ಮಾಂಸಕ್ಕೆ ಈ ಮನೆ ಬದಲಾದದ್ದು ಇನ್ನೂ ಗೊತ್ತಿಲ್ಲ, ನೀನು ಹೆಬ್ಬೆರಳನ್ನು ಮರೆತುಬಿಡು, ತೋರುಬೆರಳಿನಿಂದ ಏನನ್ನಾದರೂ ತೋರಿಸು, ಅದರ ಕೂಡ ಇದೂ ತಾನೇ ಏಳುತ್ತದೆ ಎಂದು ವಿವರಿಸಿದರು. ಕಿಟಕಿ ತೋರಿಸು ಎಂದರು. ರಾಯಪ್ಪ ಇಡೀ ಕೈಯನ್ನೇ ಮೊಣಕೈ ಸಮೇತ ಕಿಟಕಿಯ ಕಡೆ ಸರಿಸಿದ. ಬೆರಳುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡೇ ಇದ್ದವು. ಬಾಗಿಲು ತೋರಿಸು ಎಂದರು. ಹಾಗೇ ಮಾಡಿದ. ಮತ್ತೆ ಪಟ್ಟಂತ ಅಂದುಬಿಟ್ಟರೆ ಎಂಬ ಭಯ ಅವನ ಕೈಯನ್ನು ಹಿಡಿದಿಟ್ಟಿತ್ತು.

ಡಾಕ್ಟರ ಮುಖ ಬಿಗಿಯಿತು. ಈಗ ಆಡಿಸದಿದ್ದರೆ ದಾರ ಒಳಗೇ ಗಾಯದ ಕಲೆಗೆ ಅಂಟಿಕೊಂಡುಬಿಡುತ್ತದೆ, ವಾರದ ಮೇಲೆ ವಾರ ಹೋದರೆ ಆಮೇಲೆ ಅತ್ತರೂ ಏಳುವುದಿಲ್ಲ ಎಂದು ಗದರಿದರು. ಕಾಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹತ್ತು ಸಲ ಹೇಳಿ ಹೇಳಿ ಸಾಕಾಗಿ, ಅರ್ಧ ಸಿಟ್ಟು ಅರ್ಧ ಚಾಷ್ಟಿಯಲ್ಲಿ ಡಾಕ್ಟರು ಅಂದರು:

“ಹೋಗ್ಲಿ, ಆ ಕಲ್ಲು ಕಟ್ಟಾಕ ಹೇಳಿದ ಶಾಣ್ಯಾನ ಹೆಸರಂತೂ ಹೇಳಲಿಲ್ಲ ನೀ. ಅಂವ ಇಲ್ಲೇ ನಿಂತಾನಂತ ತಿಳಕೊಂಡು ಅವನ್ನ ತೋರಸು ನೋಡೂಣು.”

ರಾಯಪ್ಪ ತಲೆ ತಗ್ಗಿಸಿದ. ತೋರುಬೆರಳು ಅಲುಗಲಿಲ್ಲ, ಬದಲಿಗೆ ಒಳಗೆ ಮಡಚಿಕೊಂಡಿತು. ಆ ಮಡಚಿಕೊಂಡದ್ದನ್ನು ಮಾಸ್ತರರು ನೋಡಿದರು. ತಮ್ಮನ್ನು ಉಳಿಸಲು ಆ ಮನುಷ್ಯ ತನ್ನ ಬೆರಳನ್ನೇ ಬಚ್ಚಿಟ್ಟುಕೊಳ್ಳುತ್ತಿದ್ದಾನೆ. ಅವರಿಗೆ ಅಳು ಬಂತು, ಸಿಟ್ಟೂ ಬಂತು, ಇಡೀ ಜನ್ಮದಲ್ಲಿ ಮೊದಲ ಸಲ ಆ ಸಿಟ್ಟು ತಮ್ಮ ಮೇಲೇ ಬಂತು. ಬೆಂಚಿನಿಂದ ಎದ್ದು ಮೇಜಿನ ಎದುರಿಗೆ ಬಂದು ನಿಂತರು.

“ಅಂವ ಇಲ್ಲೇ ನಿಂತಾನ ಬಾಳಾಸಾಹೇಬ. ನಾನ ಹೇಳಿದ್ದು,” ಎಂದರು. “ಬಿಲ್ಲಿನ ಹುರಿಯಂಗ ಜಗ್ಗತೈತಿ, ಹಂಗ ಜತನ ಮಾಡು ಅಂತ ನಾನ ಹೇಳೀನಿ. ಇಂವ ನನ್ನ ಮಾತು ಕೇಳಿ ಕಲ್ಲು ಕಟ್ಯಾನ. ನೀ ಬೈದಾಗ ನಾ ಬಾಜೂಕ ನಿಂತು ಸುಮ್ಮನಿದ್ದೆ.”

ಮಾಸ್ತರರು ಡಾಕ್ಟರ ಮುಖ ನೋಡಲಿಲ್ಲ, ರಾಯಪ್ಪನ ಕೈಯನ್ನೇ ನೋಡುತ್ತಿದ್ದರು.

“ತೋರಸು ರಾಯಪ್ಪಾ, ನನ್ನ ತೋರಸು.”

“ಹಿರೇರನ್ನ ಬೆರಳ ಮಾಡಿ ತೋರಸಬಾರದ್ರಿ ಮಾಸ್ತರ,” ಎಂದ ರಾಯಪ್ಪ. “ಅದೂ ಎಡಗೈಲೆ.”

“ಎಡಗೈಲೇ ತೋರಸು. ನಾ ಹೇಳಾಕತ್ತೇನಿ.”

ರಾಯಪ್ಪನ ಕಣ್ಣು ತುಂಬಿದ್ದವು. ಹೆಂಡತಿಯ ಕಡೆ ನೋಡಿದ. ಕಾಡವ್ವ ಹೂಂ ಎಂದು ತಲೆಯಾಡಿಸಿದಳು. ಆಗ ಮಡಚಿಕೊಂಡಿದ್ದ ತೋರುಬೆರಳು ನಿಧಾನವಾಗಿ ಬಿಚ್ಚಿ, ಮೇಜಿನಿಂದ ಎದ್ದು, ಮಾಸ್ತರರ ಎದೆಯ ನೇರಕ್ಕೆ ಬಂದು ನಿಂತಿತು. ಅದರ ಪಕ್ಕದಲ್ಲಿ, ಯಾರೂ ಏಳು ಎನ್ನದಿದ್ದರೂ, ಹೆಬ್ಬೆರಳು ಎದ್ದಿತು.

ಕಾಡವ್ವ ಅಳತೊಡಗಿದಳು. ಡಾಕ್ಟರು ಮೊದಲು ಹೆಬ್ಬೆರಳನ್ನು ನೋಡಿದರು, ಆಮೇಲೆ ಮಾಸ್ತರರನ್ನು ನೋಡಿದರು, ಬಹಳ ಹೊತ್ತು ನೋಡಿದರು. ಬೆರಳು ಇಳಿಸು ಎಂದರು. ರಾಯಪ್ಪ ಇಳಿಸಿದ.

“ದಿನಕ್ಕ ಇಪ್ಪತ್ತು ಸಲ ಹಿಂಗ ಮಾಡಬೇಕು,” ಎಂದರು ಬಾಳಾಸಾಹೇಬರು. “ಇವತ್ತಿಂದು ಇಲ್ಲೇ ಮುಗಿಸು. ಒಂದಾತು. ಇನ್ನೊಮ್ಮೆ ತೋರಸು.”

ಮಾಸ್ತರರು ಅಲ್ಲೇ ನಿಂತರು. ಇಪ್ಪತ್ತು ಮುಗಿಯುವ ತನಕ ಅಲುಗಲಿಲ್ಲ.